1931ರ ಮುದ್ರೆ ಇದ್ದ ಮಾತ್ರಕ್ಕೆ ನಕಲಿಯಲ್ಲ

ಜರ್ಮನಿಯ ವಿದೇಶಾಂಗ ಸಚಿವ ಸ್ಟ್ರೆಸೆಮಾನ್ ತೀರಿಕೊಂಡಿದ್ದು 1929ರ ಅಕ್ಟೋಬರ್ 3ರಂದು. ನೀವು ಕೊಂಡ ಅವರ ಹಳೆಯ ಪತ್ರಿಕಾ ಫೋಟೋದ ಪ್ರಿಂಟಿನ ಹಿಂದೆ 1931ರ ಮುದ್ರೆ, ಮುಖದ ಸುತ್ತ ಬಿಳಿ ಬಣ್ಣ. ಹಾಗಾದರೆ ನಕಲಿಯಾ ಅಂತ ಕೇಳಿದ್ದೀರಿ, ಅಲ್ವಾ? ಅಷ್ಟಕ್ಕೇ ಗಾಬರಿ ಬೇಡ. ಪತ್ರಿಕೆ ಕಚೇರಿಗಳಲ್ಲಿ ರಾಜಕಾರಣಿ, ಉದ್ಯಮಿಗಳ ಫೋಟೋಗಳನ್ನು ಹೆಸರಿನ ಪ್ರಕಾರ ಲಕೋಟೆಯಲ್ಲಿಟ್ಟು ವರ್ಷಗಟ್ಟಲೆ ಮತ್ತೆ ಮತ್ತೆ ಬಳಸುತ್ತಿದ್ದರು. ಹಿಂಬದಿಯ ಮುದ್ರೆ ಎಷ್ಟೋ ಸಲ ಪತ್ರಿಕೆಯಲ್ಲಿ ಅಚ್ಚಾದ ದಿನದ್ದು, ಫೋಟೋ ತೆಗೆದ ದಿನದ್ದಲ್ಲ.

ಬಿಳಿ ಬಣ್ಣದ ಕಥೆ ಇನ್ನೂ ಮಜಾ. ಆಗ ಫೋಟೋ ಅಚ್ಚಾಗುತ್ತಿದ್ದದ್ದು ದಪ್ಪ ಚುಕ್ಕಿಗಳಾಗಿ, ಒರಟು ಕಾಗದದ ಮೇಲೆ. ಕಪ್ಪು ಕೋಟು ಕಪ್ಪು ಗೋಡೆಯೊಳಗೆ ಕರಗಿಹೋಗುತ್ತಿತ್ತು. ಅದಕ್ಕೇ ಕುಂಚ ಹಿಡಿದು ಅಂಚು ತಿದ್ದುತ್ತಿದ್ದರು. ಕೆಲವೊಮ್ಮೆ ಪಕ್ಕದಲ್ಲಿ ನಿಂತವನನ್ನೇ ಬಳಿದು ಮಾಯ ಮಾಡುತ್ತಿದ್ದರು, ಪಾಪ! ಪ್ರಿಂಟನ್ನು ಓರೆ ಬೆಳಕಿಗೆ ಹಿಡಿಯಿರಿ. ಬಣ್ಣ ತುಸು ಉಬ್ಬಿ ಕಂಡರೆ ಕೈಯಲ್ಲಿ ಬಳಿದದ್ದೇ.

ಫೋಟೋ ತೆಗೆದ ವರ್ಷ ಬೇಕಿದ್ದರೆ ಜೊತೆಗಿರುವವರನ್ನು ನೋಡಿ. ಆಗಿನ ವಿದೇಶಾಂಗ ಸಚಿವರಾದ ಫ್ರಾನ್ಸಿನ ಬ್ರಿಯಾಂ, ಬ್ರಿಟನ್ನಿನ ಆಸ್ಟಿನ್ ಚೇಂಬರ್ಲೇನ್ ಇಬ್ಬರೂ ಇದ್ದರೆ, ಈ ಮೂವರೂ ಸೇರಿದ್ದ 1925ರ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಶಾಂತಿ ಮಾತುಕತೆಯಿಂದ ಹುಡುಕಲು ಶುರು ಮಾಡಿ. ಚೇಂಬರ್ಲೇನ್ 1929ರ ಜೂನ್‌ನಲ್ಲಿ ವಿದೇಶಾಂಗ ಖಾತೆ ಬಿಟ್ಟರು, ಹಾಗಾಗಿ ಹುಡುಕಾಟ ನಾಲ್ಕು ವರ್ಷಕ್ಕೆ ಇಳಿಯುತ್ತದೆ.

ಬಿಳಿ ಬಣ್ಣವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕರಗಿ ಮುಖಕ್ಕೆಲ್ಲ ಮೆತ್ತಿಕೊಳ್ಳುತ್ತದೆ.