ಹಳ್ಳಿ ಪಬ್‌ನ ಏಲ್ ತಣ್ಣಗೇಕಿಲ್ಲ?

ಪ್ರಶ್ನೆ: ಮಗಳು ಇಂಗ್ಲೆಂಡಿನ ಹಳ್ಳಿಯೊಂದರ ಹಳೇ ಪಬ್‌ನಲ್ಲಿ ನಮಗೆ ರೂಮು ಹಿಡಿದಿದ್ದಾಳೆ. ಅಲ್ಲಿನ ಏಲ್ (ಒಂದು ಬಗೆಯ ಬಿಯರ್) ತಣ್ಣಗಿರುವುದಿಲ್ಲವಂತೆ, ಯಾಕೆ? ನಾವು ಸಸ್ಯಾಹಾರಿಗಳು, ಏನು ನೋಡಿಕೊಳ್ಳಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಮ್ಮ ದೋಸೆಹಿಟ್ಟಿನ ಹಾಗೆ ಕ್ಯಾಸ್ಕ್ ಏಲ್‌ಗೂ, ಅಂದರೆ ಪೀಪಾಯಿಯ ಏಲ್‌ಗೂ ಜೀವವಿದೆ. ಪೀಪಾಯಿಯೊಳಗೇ ಯೀಸ್ಟ್ ಇನ್ನೂ ಹುದುಗುತ್ತಿರುತ್ತದೆ. ಪೀಪಾಯಿಗಳಿರುವ ನೆಲಮಾಳಿಗೆಯನ್ನು 11ರಿಂದ 13 ಡಿಗ್ರಿಯಲ್ಲಿಡುತ್ತಾರೆ. ಅದಕ್ಕಿಂತ ತಣ್ಣಗಾದರೆ ಏಲ್ ಮಂಕಾಗಿ ರುಚಿ ಸತ್ತಂತಾಗುತ್ತದೆ. ಪೀಪಾಯಿಯ ಮೇಲಿನ ತೂತಿಗೆ ಬೆರಳುದ್ದದ ಮರದ ಬೆಣೆ. ಗ್ಯಾಸ್ ಹೊರಹೋಗಲು ಮೆದು ಬೆಣೆ, ಉಳಿಸಿಕೊಳ್ಳಲು ಗಟ್ಟಿ ಬೆಣೆ. ನಲ್ಲಿ ತಿರುವಿ ಬಗ್ಗಿಸತೊಡಗಿದರೆ ಒಳಗೆ ಗಾಳಿ ಸೇರುತ್ತದೆ, ಮೂರು ದಿನದಲ್ಲಿ ಖಾಲಿಯಾಗದಿದ್ದರೆ ಹುಳಿ. ವಿನಿಗರ್ ವಾಸನೆ ಬಂದರೆ ಸಂಕೋಚಪಡದೆ ವಾಪಸು ಕೊಡಿ, ಬದಲಿಸಿಕೊಡುತ್ತಾರೆ. ಒಂದು ಪೈಂಟ್ ಎಂದರೆ 568 ಮಿಲಿ. ಮೊದಲಿಗೆ ಅರ್ಧ ಸಾಕು.

ಸಸ್ಯಾಹಾರಿಗಳು ಗಮನಿಸಲೇಬೇಕಾದದ್ದು: ಏಲ್ ತಿಳಿಯಾಗಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕುವುದುಂಟು. ‘ಅನ್‌ಫೈನ್ಡ್’ (ಹೀಗೆ ತಿಳಿಗೊಳಿಸದ್ದು) ಇದೆಯೇ ಕೇಳಿ, ತುಸು ಮಬ್ಬಾಗಿರುತ್ತದೆ ಅಷ್ಟೇ. ಕೆಲವೆಡೆ ಆಲೂಗಡ್ಡೆ ಚಿಪ್ಸನ್ನು (ನಮ್ಮ ಫ್ರೆಂಚ್ ಫ್ರೈಸ್‌ನಂಥದ್ದು) ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಅದನ್ನೂ ವಿಚಾರಿಸಿ.

ಆರ್ಡರು ಸಾಮಾನ್ಯವಾಗಿ ಕೌಂಟರಿನಲ್ಲೇ. ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆವರೆಗೆ ಅಡುಗೆಮನೆ ಮುಚ್ಚುವುದುಂಟು. ರೂಮು ಬಾರ್ ಮೇಲಿದ್ದರೆ ಗದ್ದಲ, ಹಿಂಬದಿಯದನ್ನು ಕೇಳಿ.