ಪ್ರತಿಕ್ರಿಯೆ: ಸೂಕ್ಷ್ಮ ಸೂಜಿಗಳ ಮೊನೆ ಮೊಂಡಾಗುವುದೇಕೆ?
ಮಾನ್ಯರೇ, ಮಂಡ್ಯದ ಪ್ರಯೋಗಾಲಯದಲ್ಲಿ, ಚರ್ಮದ ಮೂಲಕ ಔಷಧ ಕೊಡುವ ಸೂಕ್ಷ್ಮ ಸೂಜಿಗಳ ಪಟ್ಟಿಗಾಗಿ ಪಿವಿಪಿ ಎಂಬ ನೀರಿನಲ್ಲಿ ಕರಗುವ ಪಾಲಿಮರಿನ ದ್ರಾವಣವನ್ನು ಸಿಲಿಕೋನ್ ಅಚ್ಚಿಗೆ ಸುರಿದು ಒಣಗಿಸಿದಾಗ ಸೂಜಿಗಳ ಮೊನೆ ಮೊಂಡಾಗುತ್ತಿದೆ, ಮಳೆಗಾಲದಲ್ಲಿ ಪಟ್ಟಿಯೇ ಮೆತ್ತಗಾಗುತ್ತಿದೆ ಎಂದು ಬರೆದಿದ್ದೀರಿ.

ಮೊದಲನೆಯದಕ್ಕೆ ಕಾರಣ ಬಹುಮಟ್ಟಿಗೆ ಗಾಳಿಯೇ. ಸಿಲಿಕೋನ್ ನೀರನ್ನು ಒಲ್ಲದ ವಸ್ತುವಾದ್ದರಿಂದ ಮಂದವಾದ ದ್ರಾವಣವು ಅಚ್ಚಿನಲ್ಲಿರುವ ಸೂಜಿಯಾಕಾರದ ಕುಳಿಯ ಬಾಯಲ್ಲೇ ನಿಂತು, ತುದಿಯಲ್ಲಿ ಗುಳ್ಳೆಯನ್ನು ಸೆರೆಹಿಡಿಯುತ್ತದೆ. ಅಚ್ಚನ್ನು ನಿರ್ವಾತ ಪಾತ್ರೆಯಲ್ಲಿಟ್ಟು ಗುಳ್ಳೆಗಳು ಏಳುವುದು ನಿಲ್ಲುವವರೆಗೆ ಕಾಯಬಹುದು, ಅಥವಾ ಸೆಂಟ್ರಿಫ್ಯೂಜ್ ಎಂಬ ವೇಗವಾಗಿ ಸುತ್ತುವ ಯಂತ್ರದಲ್ಲಿ ತಿರುಗಿಸಬಹುದು. ದ್ರಾವಣವನ್ನು ತುದಿಯವರೆಗೂ ತಳ್ಳುವ ಎರಡನೆಯ ವಿಧಾನವೇ ನನಗೆ ಹೆಚ್ಚು ಮೆಚ್ಚುಗೆ. ಚರ್ಮದ ಹೊರಪದರ ಸುಮಾರು 10ರಿಂದ 20 ಮೈಕ್ರೋಮೀಟರ್ ದಪ್ಪವಿದ್ದರೂ ಚರ್ಮವು ಒತ್ತಿದಾಗ ಬಾಗುವುದರಿಂದ, ಅರ್ಧ ಮಿಲಿಮೀಟರಿಗಿಂತ ಉದ್ದದ ಸೂಜಿಯೂ ಪೂರ್ತಿ ಇಳಿಯುವುದಿಲ್ಲ. ಆದುದರಿಂದ ಔಷಧ ಬೆರೆಸಿದ ದ್ರಾವಣವನ್ನು ಕುಳಿಗಳಿಗೆ ಮಾತ್ರ ತುಂಬಿ, ಮೇಲೆ ಉಳಿದದ್ದನ್ನು ಒರೆಸಿ ತೆಗೆದು, ತಳಪದರಕ್ಕೆ ಔಷಧವಿಲ್ಲದ ಪಾಲಿಮರನ್ನು ಸುರಿಯುವುದು ಒಳ್ಳೆಯದು; ತಳದಲ್ಲಿ ಉಳಿದ ಔಷಧ ವ್ಯರ್ಥವೇ ಸರಿ.

ಒಣಗಿಸುವಾಗ ಅವಸರ ಬೇಡ. ಇನ್ಸುಲಿನ್‌ನಂತಹ ಪ್ರೋಟೀನುಗಳು ಓವನ್ನಿನ ಬಿಸಿಗೆ ಕೆಡುತ್ತವೆ.

ಪಿವಿಪಿ ತೇವವನ್ನು ಬೇಗ ಹೀರುವುದರಿಂದ, ಮಳೆಗಾಲದಲ್ಲಿ ನಿಮ್ಮೂರಿನ ಅಚ್ಚುಬೆಲ್ಲ ಜಿನುಗುವಂತೆ ಈ ಪಟ್ಟಿಯೂ ಸಡಿಲಗೊಳ್ಳುತ್ತದೆ. ಅಚ್ಚಿನಿಂದ ಬಿಡಿಸಿದ ಕೂಡಲೇ ಅದನ್ನು ತೇವ ಹೀರುವ ಸಿಲಿಕಾ ಜೆಲ್ ಇರುವ ಡೆಸಿಕೇಟರಿಗೆ (ಒಣಗಾಳಿಯ ಮುಚ್ಚಿದ ಪಾತ್ರೆಗೆ) ಸೇರಿಸಿ, ಬಳಿಕ ಅಲ್ಯೂಮಿನಿಯಂ ಹಾಳೆಯ ಚೀಲದಲ್ಲಿ ಮುಚ್ಚಿಡಿ.