ಗುಮಾಸ್ತಿಕೆಯ ಪರವಾಗಿ ಎರಡು ಮಾತು

(ಪತ್ರದ ಸಾರ: ಹೆಂಡತಿ ಮತ್ತು ಹನ್ನೊಂದು, ಆರು ವರ್ಷದ ಇಬ್ಬರು ಮಕ್ಕಳೊಂದಿಗೆ ವರ್ಷಪೂರ್ತಿ ವಿದೇಶ ಸುತ್ತಲು ಹೊರಟ ಓದುಗರೊಬ್ಬರು ಐದನೆಯ ತಿಂಗಳಿನಲ್ಲಿ ಬರೆದಿದ್ದಾರೆ. ಕೂಡಿಟ್ಟ ಹಣವನ್ನು 365ರಿಂದ ಭಾಗಿಸಿ ದಿನಕ್ಕೆ ಇಷ್ಟು ಎಂದು ಗೊತ್ತುಮಾಡಿಕೊಂಡಿದ್ದಾರೆ. ಆದರೂ ಪತ್ನಿ ಪ್ರತಿ ರಾತ್ರಿ ನೋಟ್‌ಬುಕ್ ಬಿಡಿಸಿ ಬಿಡಿಕಾಸಿನವರೆಗೆ ಲೆಕ್ಕ ಬರೆಯುತ್ತಾರೆ, ಅದರಿಂದ ಜಗಳವೂ ಆಗುತ್ತದೆ. “ಲೋಕ ನೋಡಲು ಬಂದೆವೋ, ಗುಮಾಸ್ತಿಕೆ ಮಾಡಲು ಬಂದೆವೋ?” ಎಂಬುದು ಅವರ ಪ್ರಶ್ನೆ.)

ಎರಡಕ್ಕೂ, ಸ್ವಾಮಿ.

ನಿಮ್ಮ ಕಡೆಗೂ ನ್ಯಾಯವಿದೆ, ಇಲ್ಲವೆನ್ನುವುದಿಲ್ಲ. ಕಡಲ ದಂಡೆಯಲ್ಲಿ ನಿಂತು ಟಿಕೆಟ್ಟಿನ ಬೆಲೆಯನ್ನೇ ಗುಣಿಸುತ್ತಿರುವವನಿಗೆ ಕಡಲು ಕಾಣುವುದಿಲ್ಲ. ಆದರೆ ನಿಮ್ಮ ಮನೆಯವರು ಬರೆಯುವುದು ರಾತ್ರಿ, ಮಕ್ಕಳು ಮಲಗಿದ ಮೇಲೆ ಎಂದು ನೀವೇ ತಿಳಿಸಿದ್ದೀರಿ. ಆ ಹತ್ತು ನಿಮಿಷದಿಂದ ಯಾವ ಸೂರ್ಯಾಸ್ತ ತಪ್ಪಿಹೋಯಿತು?

365ರಿಂದ ಭಾಗಿಸಿದ್ದನ್ನು ನೀವು ಬಜೆಟ್ ಎಂದು ಕರೆದಿದ್ದೀರಿ. ಅದು ಬರೀ ಭಾಗಾಕಾರ. ಪ್ರವಾಸದಲ್ಲಿ ಯಾವ ಎರಡು ದಿನವೂ ಸಮನಲ್ಲ. ಇದನ್ನು ನಾನು ಕಲಿತದ್ದು ನಾವು ನಾಲ್ವರು ಎಂಟು ತಿಂಗಳು ಹೊರದೇಶಗಳಲ್ಲಿ ಅಲೆದಾಗ. ಮೊದಲ ತಿಂಗಳು ನಾಲ್ಕು ಊರು, ಎರಡನೆಯ ತಿಂಗಳು ಮೂರು. ಹಣ ಸೋರುತ್ತಿತ್ತು, ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ನನ್ನಾಕೆ ನೋಟ್‌ಬುಕ್ಕಿನಲ್ಲಿ ಹೊಸದೊಂದು ಅಂಕಣ ಗೀಟಿದಳು: ‘ಬಿಟ್ಟು ಬಂದದ್ದು’. ಅರ್ಧ ಬಾಟಲಿ ಅಡುಗೆ ಎಣ್ಣೆ, ಒಂದು ಪೊಟ್ಟಣ ಉಪ್ಪು, ಬಟ್ಟೆ ಒಗೆಯುವ ಪುಡಿ, ಛತ್ರಿ, ಮತ್ತೆ ಛತ್ರಿ. ಊರು ಬಿಟ್ಟಾಗಲೆಲ್ಲ ಒಂದು ಸಣ್ಣ ಸಂಸಾರವನ್ನೇ ಅಲ್ಲಿ ಚೆಲ್ಲಿ ಮುಂದಿನ ಊರಿನಲ್ಲಿ ಮತ್ತೆ ಕೊಳ್ಳುತ್ತಿದ್ದೆವು. ಅದರ ಮೇಲೆ ಪ್ರಯಾಣದ ಟಿಕೆಟ್ಟು, ಹೊತ್ತಲ್ಲದ ಹೊತ್ತಿಗೆ ಇಳಿದಾಗ ಟ್ಯಾಕ್ಸಿ, ಅಡುಗೆಮನೆ ಸಿಗುವವರೆಗೆ ಹೋಟೆಲ್ ಊಟ. ಮೂರನೆಯ ತಿಂಗಳು ಒಂದೇ ಕಡೆ ತಿಂಗಳ ಬಾಡಿಗೆಗೆ ಮನೆ ಹಿಡಿದು ಕುಳಿತೆವು. ಖರ್ಚು ತಾನಾಗಿ ತಣ್ಣಗಾಯಿತು. ನಮ್ಮನ್ನು ತಿನ್ನುತ್ತಿದ್ದುದು ಪರದೇಶವಲ್ಲ, ಗಂಟುಮೂಟೆ ಕಟ್ಟುವ ಚಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು ವಾರಕ್ಕೊಂದು ಹಾಸಿಗೆ ಬದಲಿಸಿದವರಲ್ಲ.

ಹಾಗೆಂದು ಇಷ್ಟ ಬಂದಷ್ಟು ದಿನ ಕೂರುವಂತೆಯೂ ಇಲ್ಲ. ಒಳಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆಯಿಲ್ಲದ, ಯುರೋಪಿನ ಷೆಂಗೆನ್ ವಲಯದ 29 ದೇಶಗಳನ್ನೇ ನೋಡಿ. ಹೊರಗಿನಿಂದ ಹೋದ ಪ್ರವಾಸಿಗೆ ಯಾವುದೇ 180 ದಿನಗಳಲ್ಲಿ 90 ದಿನ, ಅದೂ ಎಲ್ಲ ದೇಶಗಳಿಗೂ ಸೇರಿ. ಬಂದ ದಿನವೂ ಹೊರಟ ದಿನವೂ ಎಣಿಕೆಗೆ ಬರುತ್ತವೆ. ದಿನಗಳನ್ನು ಬರೆದಿಡದವರು ಕೊನೆಯ ವಾರದಲ್ಲಿ ಎದ್ದುಬಿದ್ದು ಟಿಕೆಟ್ ಕೊಳ್ಳುತ್ತಾರೆ, ಕೇಳಿದಷ್ಟು ತೆರುತ್ತಾರೆ. ಇನ್ನೊಂದು ಮಾತು: ನಿಮ್ಮ ದೊಡ್ಡವನಿಗೆ ಈ ಪ್ರವಾಸದಲ್ಲೇ ಹನ್ನೆರಡು ತುಂಬುತ್ತದೆಯೆ? ಬಹುತೇಕ ವಿಮಾನ ಕಂಪನಿಗಳ ಲೆಕ್ಕದಲ್ಲಿ ಅಂದಿನಿಂದ ಅವನು ವಯಸ್ಕ, ಪೂರ್ತಿ ದರ. ನಿಮ್ಮ ಭಾಗಾಕಾರದಲ್ಲಿ ಈ ಹುಟ್ಟುಹಬ್ಬ ಇದೆಯೆ? ನೋಟ್‌ಬುಕ್ಕಿನಲ್ಲಿ ಇರುತ್ತದೆ ಎಂದು ಪಣ ಕಟ್ಟುತ್ತೇನೆ.

ಕಾರ್ಡ್ ಇದೆಯಲ್ಲ, ಬ್ಯಾಂಕೇ ಪಟ್ಟಿ ಕಳುಹಿಸುತ್ತದಲ್ಲ ಎಂದೂ ಕೇಳಿದ್ದೀರಿ. ನನಗೆ ಸಿಟ್ಟು ಬರುವುದು ಇಲ್ಲೇ. ಪರದೇಶದ ಅಂಗಡಿಯಲ್ಲಿ ಯಂತ್ರ ನಯವಾಗಿ ವಿಚಾರಿಸುತ್ತದೆ: ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ? ಎಂಥ ಉಪಚಾರ! ಹೂಂ ಎಂದಿರೋ, ವಿನಿಮಯ ದರ ನಿಗದಿ ಮಾಡುವವರು ನಿಮ್ಮ ಬ್ಯಾಂಕಿನವರಲ್ಲ, ಅಂಗಡಿಯ ಕಡೆಯವರು. ಹೆಚ್ಚಿನ ಸಲ ಅದು ದುಬಾರಿ. ಯುರೋಪಿಯನ್ ಒಕ್ಕೂಟವು ಈ ಹೆಚ್ಚುವರಿ ಎಷ್ಟು ಶೇಕಡಾ ಎಂಬುದನ್ನು ಗಿರಾಕಿಗೆ ತೋರಿಸಲೇಬೇಕೆಂದು 2020ರ ಏಪ್ರಿಲ್‌ನಿಂದ ಜಾರಿಗೆ ಬರುವಂತೆ ಕಟ್ಟು ಮಾಡಬೇಕಾಯಿತೆಂದರೆ ಊಹಿಸಿಕೊಳ್ಳಿ. ಆಯಾ ದೇಶದ ಹಣವನ್ನೇ ಒತ್ತಿ. ಎಟಿಎಮ್ಮಿನಲ್ಲಿ ಒಂದೊಂದು ಸಲಕ್ಕೂ ಇಷ್ಟು ಎಂದು ಶುಲ್ಕವಿದ್ದರೆ ನಾಲ್ಕು ಸಲದ್ದನ್ನು ಒಮ್ಮೆಗೇ ತೆಗೆಯಿರಿ. ಬ್ಯಾಂಕಿನ ಪಟ್ಟಿ ಬರುವ ಹೊತ್ತಿಗೆ ಎರಡು ಊರು ದಾಟಿರುತ್ತೀರಿ. ಯಾವ ಕಾಸು ಯಾಕೆ ಹೋಯಿತೆಂದು ಯಾರಿಗೆ ನೆನಪಿರುತ್ತದೆ?

ಗುಮಾಸ್ತಿಕೆ ಎಂದು ಮೂಗು ಮುರಿದಿರಲ್ಲ, ಅದರ ಕುಲ ದೊಡ್ಡದು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಗ್ರಂಥದಲ್ಲಿ ಲೂಕಾ ಪಚೋಲಿ ಎಂಬ ಸನ್ಯಾಸಿ ಜಮಾ-ಖರ್ಚಿನ ಪದ್ಧತಿಯನ್ನು ವಿವರಿಸಿದ. ಅವನ ಪ್ರಕಾರ ಮೊದಲು ಬೇಕಾದದ್ದು ಒಂದು ಕಚ್ಚಾ ಪುಸ್ತಕ. ವ್ಯವಹಾರ ಯಾವ ನಾಣ್ಯದಲ್ಲಿ ನಡೆಯಿತೋ ಅದರಲ್ಲೇ ಅಲ್ಲಿ ಬರೆಯಬೇಕು. ಯಜಮಾನನಿಲ್ಲದಾಗ ಆಳುಗಳೂ, ಬರಹ ಬಲ್ಲ ಮನೆಯ ಹೆಂಗಸರೂ ಬರೆಯಬಹುದು. ಒಂದೇ ನಾಣ್ಯಕ್ಕೆ ತರುವುದೆಲ್ಲ ಆಮೇಲಿನ ಕೆಲಸ. ನಿಮ್ಮ ಮನೆಯವರು ಮಾಡುತ್ತಿರುವುದೂ ಇದನ್ನೇ. ಪ್ರವಾಸಿಗರು ನಗದಿನ ಬದಲು ಒಯ್ಯುತ್ತಿದ್ದ ಟ್ರಾವೆಲರ್ಸ್ ಚೆಕ್ಕಿನ ಕಾಲದಲ್ಲೂ ಚೆಕ್ಕುಗಳ ಸಂಖ್ಯೆಯನ್ನು ಬೇರೆಡೆ ಬರೆದಿಟ್ಟವನಿಗೇ, ಅವು ಕಳೆದಾಗ ಹಣ ಮರಳಿ ಸಿಗುವುದು ಸಲೀಸಾಗಿತ್ತು.

ಈಗ ಬರೆಯುವವರು ಯಾರು? ಬೆರಳು ತಾಗಿಸಿದರೆ ಹಣ ಹೋಗುತ್ತದೆ, ‘ಸೌಲಭ್ಯ ಶುಲ್ಕ’ ಎಂಬ ಹೆಸರಿನಲ್ಲಿ ಹಿಂದೆಯೇ ಇನ್ನಷ್ಟು ಹೋಗುತ್ತದೆ. ಮೊಬೈಲ್ ಬಣ್ಣದ ಚಕ್ರ ಬಿಡಿಸಿ ಊಟಕ್ಕೆ ಎಷ್ಟು, ಪ್ರಯಾಣಕ್ಕೆ ಎಷ್ಟು ಎನ್ನುತ್ತದೆ. ಮೂರನೆಯ ಛತ್ರಿ ಏಕೆ ಕೊಂಡಿರಿ ಎಂದು ಕೇಳುವುದಿಲ್ಲ. ನಮ್ಮ ಪತ್ರಿಕೆಗೇ ಚಂದಾ ತಾನಾಗಿ ನವೀಕರಣವಾಗಲಿ ಎಂದು ಒಪ್ಪಿಗೆ ಒತ್ತಿದವರು, ಮರುವರ್ಷ ನಮ್ಮನ್ನು ಕಳ್ಳರೆಂದು ಬೈದು ಪತ್ರ ಬರೆಯುತ್ತಾರೆ. ಆ ಪತ್ರಗಳ ಒಂದು ಕಡತವೇ ಇದೆ. ಇರಲಿ.

ನಿಮಗೆ ನಾನು ಹೇಳುವುದು: ಪೆನ್ನನ್ನು ದೊಡ್ಡ ಹುಡುಗನ ಕೈಗೆ ಕೊಡಿ, ಅವನಮ್ಮ ಒಂದು ವಾರ ಬಿಡುವಾಗಿರಲಿ. ನಮ್ಮ ಮಗಳು ಆರನೆಯ ತಿಂಗಳಿನಿಂದ ಬರೆದಳು. ಆ ನೋಟ್‌ಬುಕ್ ಈಗಲೂ ನನ್ನ ಮೇಜಿನ ಮೇಲಿದೆ, ಅಂಟಿಸಿದ ಟಿಕೆಟ್ಟುಗಳಿಂದ ಹೊಟ್ಟೆ ಉಬ್ಬಿಸಿಕೊಂಡು. ವಿನಿಮಯ ಕೌಂಟರಿನವರು ನೋಟು ತೆಗೆದುಕೊಂಡು ಚಿಲ್ಲರೆಯನ್ನು ವಾಪಸು ತಳ್ಳಿದ ದಿನ, ಕೊನೆಯ ಪುಟದಲ್ಲಿ ಅವಳ ಗುಂಡು ಅಕ್ಷರ ಹೀಗಿದೆ: “ಕೈಯಲ್ಲಿರುವ ಶಿಲ್ಕು: ನಾಲ್ಕು ದೇಶದ ನಾಣ್ಯ ಹನ್ನೊಂದು. ಯಾರಿಗೂ ಬೇಡವಂತೆ. ನನಗೆ ಕೊಟ್ಟರು.”

— ಸಂಪಾದಕ